ಕೇಕು ಕೊಯ್ಯುವ ಹೊತ್ತು

ಶಾಲೆಯ ದಾಖಲೆಯಲ್ಲಿ ನಾನು ಹುಟ್ಟಿದ್ದು ಜೂನ್ ಒಂದು.
ನಮ್ಮ ಓಣಿಯ ಅರ್ಧ ಮಕ್ಕಳು ಅವತ್ತೇ ಹುಟ್ಟಿದವರು,
ಹೆಡ್‌ಮಾಸ್ತರರ ಒಂದೇ ಪೆನ್ನಿನಿಂದ.
ಅವ್ವ ಹೇಳುತ್ತಿದ್ದದ್ದು ಬೇರೆ:
ಹೋಳಿ ಹುಣ್ಣಿಮೆ ಕಳೆದು ಮೂರನೇ ದಿನ,
ಓಕುಳಿಯ ಕಲೆ ಇನ್ನೂ ನಿಮ್ಮಪ್ಪನ ಕಿವಿಯ ಹಿಂದಿತ್ತು,
ಮಿಲ್ಲಿನ ಕೂಗು ಆಗಿತ್ತೋ ಆಗಬೇಕಿತ್ತೋ,
ದೀಪಕ್ಕೆ ಎಣ್ಣೆ ಹುಡುಕುತ್ತಿದ್ದೆ, ನೀನು ಬಂದೆ.

ಇದನ್ನು ಬಾಯಿತಪ್ಪಿ ಸೋಮ್ಲಿಬಾಯಿಯ ಮುಂದೆ ಆಡಿದ್ದೇ ತಪ್ಪಾಯಿತು.
ಮರುದಿನ, ಮಂಡಿಪೇಟೆಯ ಮೆಟ್ಟಿಲ ಕೆಳಗೆ
ಸೀರೆಗೆ ಫಾಲ್ ಹಚ್ಚುವ ನನ್ನ ಮೂರಡಿ ಗೂಡಿಗೆ
ನನಗಿಂತ ಮೊದಲೇ ಸುದ್ದಿ ಬಂದು ಕೂತಿತ್ತು:
ಕೊಟ್ರಮ್ಮನಿಗೆ ಅರವತ್ತು. ಕೇಕು ತರಬೇಕು.

ತರುವುದೇನು, ತರಬಹುದು. ಕೊಯ್ಯುವುದು ಯಾವಾಗ?
ಭಟ್ಟಿಯ ಫಕ್ರುದ್ದೀನಣ್ಣನಿಗೆ ರೋಜಾ.
ದಾವಣಗೆರೆಯ ಈ ಬಿಸಿಲಲ್ಲಿ, ಬೆಂಕಿಯ ಮುಂದೆ ಮಂಡಕ್ಕಿ ಹುರಿಯುತ್ತ
ಉಗುಳು ನುಂಗಲೂ ಯೋಚಿಸುವ ಮನುಷ್ಯ.
ಹೊತ್ತು ಮುಳುಗುವ ತನಕ ಒಂದು ಕಾಳೂ ಇಲ್ಲ.
ದಾರದುಂಡೆಯ ಭವರ್‌ಲಾಲ್ ಸೇಠು ತಿರುಗಾಮುರುಗಾ:
ಹೊತ್ತು ಮುಳುಗಿದ ಮೇಲೆ ಒಂದು ಕಾಳೂ ಇಲ್ಲ.
ಮೂವತ್ತು ವರ್ಷ ನನಗೆ ಸಾಲ ಕೊಟ್ಟು
ಒಮ್ಮೆಯೂ ಬಡ್ಡಿ ಕೇಳದವನು,
ಹಾಗಂತ ಒಮ್ಮೆಯೂ ಸಾಲ ಮರೆಯದವನು.
ಸೆಲಿನಾ ಸಿಸ್ಟರ್‌ಗೆ ತಪಸ್ಸುಕಾಲ,
ಈಸ್ಟರ್ ತನಕ ಸಿಹಿ ಮುಟ್ಟುವುದಿಲ್ಲ.
"ನನಗೆ ಎರಡು ಮಿರ್ಚಿ ಸಾಕು ಮಾರಾಯ್ತಿ,
ಬೇಕಾದರೆ ಅದಕ್ಕೇ ಮೇಣದಬತ್ತಿ ಚುಚ್ಚು."

ಹಂಗಾದ್ರೆ ಎಲ್ಲರ ಹಬ್ಬ ಕಳೀಲಿ, ಆಮೇಲೆ ನೋಡೋಣ ಅಂದೆ.
ಸೋಮ್ಲಿಬಾಯಿ ಎಲೆಅಡಿಕೆ ಉಗಿದು ಬಂದಳು:
"ಅರವತ್ತು ವರ್ಷ ತಡ ಆಗೇತಿ. ಇನ್ನೆಷ್ಟು ಮಾಡ್ತಿ?"

ಲೆಕ್ಕ ಬಿಡಿಸಿದ್ದು ಇಬೋಮ್ಚಾ,
ಮಣಿಪುರದಿಂದ ಡಾಕ್ಟರಿಕೆ ಓದಲು ಬಂದ ಹುಡುಗ.
ಬಿಳಿಕೋಟಿನ ಜೇಬು ಹೊಲಿಸಲು ಬಂದು ಕೂತವನು
ಮೂರು ವರ್ಷವಾದರೂ ಎದ್ದು ಹೋಗಿಲ್ಲ.
ಮೊಬೈಲು ನೋಡಿ, ತನ್ನ ತುಂಡುಕನ್ನಡದಲ್ಲಿ:
"ಅಮ್ಮಾ, ಸೂರ್ಯ ಆರು ಮೂವತ್ತೆರಡು ಹೋಗ್ತಾನೆ.
ಸೇಠ್‌ಜಿ ಮೂವತ್ತೊಂದು ತಿನ್ಲಿ.
ಚಾಚಾ ಮೂವತ್ಮೂರು.
ನಡುವೆ ನಿಮ್ದು."

ಹೊಲಿಗೆ ಯಂತ್ರದ ಹಲಗೆಯ ಮೇಲೆ ಮೊಟ್ಟೆಯಿಲ್ಲದ ಕೇಕು.
ಅದರ ಮೇಲೆ "ಕೊಟ್ರಮ",
ಒಂದು ಒತ್ತಕ್ಷರ ಬೇಕರಿಯಲ್ಲೇ ಉಳಿದಿತ್ತು.
ಪೇಪರಿನ ಮೇಲೆ ಮಂಡಕ್ಕಿ, ಈರುಳ್ಳಿ ಬಿದ್ದದ್ದು ಈಚೆ, ಬೀಳದ್ದು ಸೇಠನ ಕಡೆ,
ನಡುವೆ ನನ್ನ ಅಳತೆಯ ಟೇಪು.
ಚಾಕು ಮರೆತು ಬಂದಿದ್ದರು. ಕತ್ತರಿ ತೊಳೆದುಕೊಟ್ಟೆ.
ಒಳ್ಳೇ ದಿನ ಕತ್ತರಿಯೇ ಅಂದರು ಯಾರೋ.
ಅನ್ನ ಹಾಕಿದ್ದು ಅದೇ ಅಲ್ವಾ ಅಂದೆ, ಕೊಯ್ದೆ.

ಮೂವತ್ತೊಂದು.
ಸೇಠ ಕಣ್ಣುಮುಚ್ಚಿ ನುಂಗಿ, ಬಾಯಿ ಮುಕ್ಕಳಿಸಿ, ಕೈಮುಗಿದ.

ಆಮೇಲೆ ಯಾರೂ ತಿನ್ನಲಿಲ್ಲ. ಯಾರೂ ಹಾಡಲಿಲ್ಲ.
ಫಕ್ರುದ್ದೀನಣ್ಣನ ಅಂಗೈಯಲ್ಲಿ ಖರ್ಜೂರ
ಸುಟ್ಟಗಾಯದ ಗೆರೆಗಳ ನಡುವೆ ಸುಮ್ಮನೆ ಕೂತಿತ್ತು.
ಸೋಮ್ಲಿಯ ಮೊಮ್ಮಗಳು ಬೆರಳು ಚಾಚಿದಳು,
ಹಿಂದೆಗೆದಳು, ಮತ್ತೆ ಚಾಚಿದಳು.
ಮಿಲ್ಲಿದ್ದ ದಿಕ್ಕಿನಿಂದ ಏನೂ ಕೂಗಲಿಲ್ಲ,
ಅದು ಸುಮ್ಮನಾಗಿ ಎಷ್ಟೋ ವರ್ಷ.
ನನ್ನವರು ಹೋದ ರಾತ್ರಿ ಆಸ್ಪತ್ರೆಯಲ್ಲಿ
ಹೆಗಲ ಮೇಲೆ ಬಿದ್ದಿದ್ದ ಸೆಲಿನಾಳ ಕೈ
ಈಗಲೂ ಅಷ್ಟೇ ಭಾರ.
ಅವ್ವ ಎಣ್ಣೆ ಹುಡುಕಿದ್ದು ಇಷ್ಟು ಹೊತ್ತೇ ಇರಬೇಕು.
ಅರವತ್ತು ಸೆಕೆಂಡು.
ಎಣಿಸಲು ಹೋಗಿ ನಲವತ್ತರ ಆಚೆ ತಪ್ಪಿದೆ.

ಬಾಂಗು ಕೇಳಿತು.
ಖರ್ಜೂರ ಬಾಯಿಗೆ, ಹುಡುಗಿಯ ಬೆರಳು ಕೇಕಿಗೆ.
ಇಬೋಮ್ಚಾ ತನ್ನ ಭಾಷೆಯಲ್ಲಿ ಏನೋ ಹಾರೈಸಿದ,
ಅರ್ಥ ಕೇಳಲಿಲ್ಲ.
ಸಿಸ್ಟರ್ ಮಿರ್ಚಿ ಕಚ್ಚಿ ಕಣ್ಣೊರೆಸಿಕೊಂಡು "ಖಾರ" ಅಂದಳು,
ನಂಬಿದವಳಂತೆ ತಲೆಯಾಡಿಸಿದೆ.

ಬೆಳಿಗ್ಗೆ ಯಾರದೋ ಮದುವೆಯ ಸೀರೆ ಹಾಸಿದರೆ
ಅಂಚಿಗೆ ಒಂದು ಚುಕ್ಕೆ ಕ್ರೀಮು ಹತ್ತಿತು.
ಒರೆಸಿದೆ. ಹೋಗಲಿಲ್ಲ.
ಫಾಲಿನ ಒಳಮಗ್ಗುಲಿಗೆ ಮಡಿಸಿ
ಸಣ್ಣ ಹೊಲಿಗೆ ಹಾಕಿದೆ.